ಹುಟ್ಟಿದ ಊರೋ, ಬೆಳೆದ ಊರೋ: ಅಥ್ಲೆಟಿಕ್ ಬಿಲ್ಬಾವೊ ಅಭಿಮಾನಿಗಳ ಮುಗಿಯದ ವಾದ

ಮಿಗೆಲ್ ಜೋನ್ಸ್ 1938ರಲ್ಲಿ ಹುಟ್ಟಿದ್ದು ಆಫ್ರಿಕಾದ ಫರ್ನಾಂಡೋ ಪೋ ದ್ವೀಪದಲ್ಲಿ. ಅದು ಆಗ ಸ್ಪೇನಿನ ವಸಾಹತು, ಈಗ ಈಕ್ವಟೋರಿಯಲ್ ಗಿನಿಯ ಭಾಗ. ಎಳವೆಯಲ್ಲೇ ಸ್ಪೇನಿನ ಬಾಸ್ಕ್ ನಾಡಿನ ಬಿಲ್ಬಾವೊ ನಗರಕ್ಕೆ ಬಂದ ಅವರು ಅಲ್ಲಿಯ ಹುಡುಗನಾಗಿಯೇ ಬೆಳೆದರು, ಫುಟ್‌ಬಾಲ್ ಕಲಿತದ್ದೂ ಅಲ್ಲಿಯೇ. 1950ರ ದಶಕದಲ್ಲಿ ಅಥ್ಲೆಟಿಕ್ ಕ್ಲಬ್ಬಿನ ಕೋಚ್ ಆಗಿದ್ದ ಫರ್ಡಿನಾಂಡ್ ದೌಚಿಕ್ ಅವರಿಗೆ ಈ ಹುಡುಗ ತಂಡಕ್ಕೆ ಬೇಕೆನಿಸಿತು. ಕ್ಲಬ್ ಒಪ್ಪಲಿಲ್ಲ. ಹುಟ್ಟಿದ್ದು ಇಲ್ಲಿಯಲ್ಲ ಎಂಬುದು ಅದು ಕೊಟ್ಟ ಕಾರಣ. ಜೋನ್ಸ್ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿದರು. 1962ರ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನ ಮರುಪಂದ್ಯದಲ್ಲಿ ಫಿಯೊರೆಂಟಿನಾ ವಿರುದ್ಧ ಮೊದಲ ಗೋಲು ಹೊಡೆದವರು ಅವರೇ.

2024ರಲ್ಲಿ ಅದೇ ಅಥ್ಲೆಟಿಕ್ ಕ್ಲಬ್ ಅದಾಮಾ ಬೊಯಿರೊ ಎಂಬ ಎಡಬದಿಯ ರಕ್ಷಣಾ ಆಟಗಾರನನ್ನು ತಂಡಕ್ಕೆ ಸೇರಿಸಿಕೊಂಡಿತು. ಬೊಯಿರೊ ಹುಟ್ಟಿದ್ದು ಸೆನೆಗಲ್‌ನಲ್ಲಿ, ಬೆಳೆದದ್ದು ಸ್ಪೇನಿನ ನವಾರ್ರಾ ಪ್ರಾಂತ್ಯದ ಪಂಪ್ಲೋನಾದಲ್ಲಿ. ಬಾಸ್ಕ್ ನಾಡಿನವರನ್ನು ಮಾತ್ರ ಆಡಿಸುವ ಕ್ಲಬ್ಬಿನ ನಿಯಮಕ್ಕೆ ಅವರು ಹೊಂದುತ್ತಾರೆಯೇ ಎಂದು ದೊಡ್ಡ ಗದ್ದಲವೇನೂ ಏಳಲಿಲ್ಲ.

ಈ ಎರಡು ಪ್ರಸಂಗಗಳ ನಡುವೆ ನಿಯಮವನ್ನು ಯಾರೂ ಅಧಿಕೃತವಾಗಿ ತಿದ್ದಿಲ್ಲ, ಏಕೆಂದರೆ ತಿದ್ದುವುದಕ್ಕೆ ಕಾನೂನಿನ ಕಲಮಿನಂತಹ ಪಠ್ಯವೇ ಇರಲಿಲ್ಲ. ಅದನ್ನು ಬದಲಿಸಿದ್ದು ಅಭಿಮಾನಿಗಳ ವಾದ ಮತ್ತು ತಂಡದ ಅಗತ್ಯ, ಎರಡೂ ಸೇರಿ. ಫುಟ್‌ಬಾಲ್ ಲೋಕದಲ್ಲಿ ತಂಡದ ಆಯ್ಕೆ, ರಾಜಕೀಯ, ಅಸ್ಮಿತೆ ಈ ಮೂರೂ ಒಂದೇ ಪ್ರಶ್ನೆಯಾಗಿ ನಿಂತಿರುವ ಕ್ಲಬ್ ಬೇರೊಂದಿಲ್ಲ ಎಂದೇ ನನ್ನ ಎಣಿಕೆ. ಬೇರೆ ಊರುಗಳಲ್ಲಿ ಅಭಿಮಾನಿಗಳು ಇವತ್ತು ಯಾರನ್ನು ಆಡಿಸಬೇಕು ಎಂದು ವಾದಿಸುತ್ತಾರೆ. ಬಿಲ್ಬಾವೊದಲ್ಲಿ ಅದಕ್ಕಿಂತ ಮೊದಲು ಯಾರನ್ನು ಆಡಿಸಬಹುದು ಎಂಬುದೇ ತೀರ್ಮಾನವಾಗಬೇಕು.

ಇಂದು ಕ್ಲಬ್ ತನ್ನ ತತ್ವವನ್ನು ಹೇಳಿಕೊಳ್ಳುವ ರೀತಿ ಸರಳವಾಗಿದೆ: ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಅಥವಾ ಅಲ್ಲಿಯ ಕ್ಲಬ್ಬುಗಳಲ್ಲಿ ಪಳಗಿದವರು ಮಾತ್ರ ಆಡಬಹುದು. ಬಾಸ್ಕ್ ನಾಡು ಎಂದರೆ ಇಲ್ಲಿ ಏಳು ಪ್ರಾಂತ್ಯಗಳು. ಸ್ಪೇನಿನ ಬಾಸ್ಕ್ ಸ್ವಾಯತ್ತ ಪ್ರದೇಶದ ಬಿಸ್ಕಾಯ, ಗಿಪುಸ್ಕೋವ, ಆಲಾವಾ. ಪ್ರತ್ಯೇಕ ಆಡಳಿತವಿರುವ ನವಾರ್ರಾ. ಗಡಿಯಾಚೆ ಫ್ರಾನ್ಸಿನ ಮೂರು ಪುಟ್ಟ ಪ್ರಾಂತ್ಯಗಳು. ಎಲ್ಲ ಸೇರಿ ಜನಸಂಖ್ಯೆ ಸುಮಾರು 30 ಲಕ್ಷ. ಇಷ್ಟೇ ಜನರ ನಡುವಿನಿಂದ ಆಟಗಾರರನ್ನು ಹೆಕ್ಕುವ ಕ್ಲಬ್, ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾದಂತೆಯೇ, ಸ್ಪೇನಿನ ಅಗ್ರ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಎಂಟು ಬಾರಿ ಲೀಗ್ ಗೆದ್ದಿದೆ. ಈ ನಿಯಮ ಕೋಚ್‌ಗಳಿಗೆ ಅನ್ವಯಿಸುವುದಿಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡ್ ಪೆಂಟ್‌ಲೆಂಡ್, 2011ರಿಂದ ಎರಡು ವರ್ಷ ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ಇಲ್ಲಿ ತಂಡ ಕಟ್ಟಿದರು.

ಈ ನೀತಿ ಯಾವುದೋ ರಾಷ್ಟ್ರೀಯವಾದಿ ಪ್ರತಿಜ್ಞೆಯಿಂದ ಹುಟ್ಟಿತು ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. 1898ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬಿನ ಬೇರುಗಳಲ್ಲಿ ಬ್ರಿಟಿಷರಿದ್ದಾರೆ. ಗಣಿ ಮತ್ತು ಹಡಗುಕಟ್ಟೆಗಳಿಗೆ ಬಂದ ಬ್ರಿಟಿಷ್ ಕೆಲಸಗಾರರು, ಬ್ರಿಟನ್ನಿನಲ್ಲಿ ಓದಿ ಮರಳಿದ ಬಿಲ್ಬಾವೊದ ಯುವಕರು ಸೇರಿ ಆಟವನ್ನು ಇಲ್ಲಿ ಬೆಳೆಸಿದರು. ಕ್ಲಬ್ಬಿನ ಹೆಸರೂ ಇಂಗ್ಲಿಷಿನದೇ. 1911ರಲ್ಲಿ ರಾಜಕಪ್ ಎಂಬ ಸ್ಪೇನಿನ ನಾಕೌಟ್ ಪಂದ್ಯಾವಳಿಯಲ್ಲಿ ಅಥ್ಲೆಟಿಕ್ ಇಂಗ್ಲಿಷ್ ಆಟಗಾರರನ್ನು ಆಡಿಸಿದ್ದಕ್ಕೆ ಎದುರಾಳಿಗಳು ತಕರಾರು ತೆಗೆದರು. ಆ ಜಗಳದ ನಂತರ ಹೊರಗಿನವರನ್ನು ಆಡಿಸುವುದು ನಿಂತಿತು. ಒಂದು ತಕರಾರಿನ ಪರಿಹಾರವಾಗಿ ಶುರುವಾದದ್ದು ಅಭ್ಯಾಸವಾಯಿತು, ಅಭ್ಯಾಸ ಹೆಮ್ಮೆಯಾಯಿತು. ಅದಕ್ಕೆ ಸಿದ್ಧಾಂತದ ಉಡುಪು ತೊಡಿಸಿದ್ದು ಆಮೇಲೆ.

ಆ ಉಡುಪನ್ನೂ ಒಬ್ಬೊಬ್ಬರು ಒಂದೊಂದು ಬಣ್ಣದಲ್ಲಿ ಹೊಲಿದರು. ಫ್ರಾಂಕೊ ಸರ್ವಾಧಿಕಾರದ ಕಾಲದಲ್ಲಿ ವಿದೇಶಿ ಹೆಸರುಗಳಿಗೆ ನಿಷೇಧವಿತ್ತು. 1941ರಿಂದ 1972ರವರೆಗೆ ಕ್ಲಬ್ ತನ್ನ ಹೆಸರನ್ನು ‘ಅಟ್ಲೆಟಿಕೊ’ ಎಂದು ಸ್ಪ್ಯಾನಿಷ್ ರೂಪದಲ್ಲಿ ಬರೆಯಬೇಕಾಯಿತು. ಬಾಸ್ಕ್ ಭಾಷೆ, ಬಾಸ್ಕ್ ಧ್ವಜ ಎರಡನ್ನೂ ತುಳಿದ ಅದೇ ಆಡಳಿತಕ್ಕೆ ವಿದೇಶಿಯರಿಲ್ಲದ ಈ ತಂಡ ಹಿಡಿಸಿತು. ‘ಅಪ್ಪಟ ಸ್ಪ್ಯಾನಿಷ್’ ತಂಡವೆಂದು ಹೊಗಳಲು ಅದಕ್ಕೆ ಅನುಕೂಲವಾಗಿತ್ತು. 1958ರಲ್ಲಿ ಆ ಕಾಲದ ದೊಡ್ಡ ತಾರೆ ಡಿ ಸ್ಟೆಫಾನೊ ಇದ್ದ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರದೇ ಅಂಗಣದಲ್ಲಿ ಅಥ್ಲೆಟಿಕ್ 2-0ರಿಂದ ಸೋಲಿಸಿ ಕಪ್ ಗೆದ್ದಾಗ, ‘ಹನ್ನೊಂದು ಹಳ್ಳಿಗರು’ ಗೆದ್ದರು ಎಂಬ ಮಾತು ದಂತಕಥೆಯಾಯಿತು. ಒಂದೇ ತಂಡ, ಒಂದೇ ಹನ್ನೊಂದು ಮಂದಿ. ಮ್ಯಾಡ್ರಿಡ್‌ನ ಅಧಿಕಾರಿಗೆ ಅದು ಸ್ಪೇನಿನ ಶುದ್ಧತೆಯಾಗಿ ಕಂಡರೆ ಬಿಲ್ಬಾವೊದ ಕಾರ್ಮಿಕನಿಗೆ ಬಾಯಿಬಿಟ್ಟು ಹೇಳಲಾಗದ ಬಾಸ್ಕ್‌ತನವಾಗಿ ಕಾಣುತ್ತಿತ್ತು. ಒಂದು ಆಯ್ಕೆ ನೀತಿಗೆ ತನ್ನದೇ ಆದ ರಾಜಕೀಯ ಇರುವುದಿಲ್ಲ, ಅದನ್ನು ನೋಡುವವರು ಅದರೊಳಗೆ ರಾಜಕೀಯವನ್ನು ಇಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬಾಸ್ಕ್‌ತನ ಬಹಿರಂಗವಾಗಿ ಮೈದಾನಕ್ಕೆ ಇಳಿದದ್ದು 1976ರ ಡಿಸೆಂಬರ್ 5ರಂದು. ಫ್ರಾಂಕೊ ಸತ್ತು ಒಂದು ವರ್ಷ ಕಳೆದಿತ್ತು, ಆದರೆ ‘ಇಕುರ್ರಿನ್ಯಾ’ ಎಂಬ ಬಾಸ್ಕ್ ಧ್ವಜ ಇನ್ನೂ ಕಾನೂನುಬಾಹಿರವಾಗಿತ್ತು. ಸಾನ್ ಸೆಬಾಸ್ಟಿಯನ್‌ನಲ್ಲಿ ಅಲ್ಲಿಯ ಬಾಸ್ಕ್ ಕ್ಲಬ್ ರಿಯಲ್ ಸೊಸಿಯೆದಾದ್ ಮತ್ತು ಅಥ್ಲೆಟಿಕ್ ನಡುವಿನ ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ನಾಯಕರಾದ ಕೊರ್ತಬಾರಿಯ ಮತ್ತು ಇರಿಬಾರ್ ಆ ಧ್ವಜವನ್ನು ಜೊತೆಯಾಗಿ ಹಿಡಿದು ಮೈದಾನಕ್ಕೆ ಬಂದರು. ಮುಂದಿನ ತಿಂಗಳೇ ಧ್ವಜದ ಮೇಲಿನ ನಿಷೇಧ ಹೋಯಿತು. ಅಂದಿನ ಪಂದ್ಯವನ್ನು ಅಥ್ಲೆಟಿಕ್ 5-0ರಿಂದ ಸೋತಿತು ಎಂಬುದನ್ನು ಹೇಳುವವರು ಕಡಿಮೆ. ಆ ದಿನ ನೆನಪಿನಲ್ಲಿ ಉಳಿದಿರುವುದು ಧ್ವಜಕ್ಕಾಗಿ.

ಇಲ್ಲಿ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳದೆ ಕೇಳಬೇಕು. ಹುಟ್ಟಿದ ನೆಲವನ್ನು ನೋಡಿ ಆಟಗಾರರನ್ನು ಆರಿಸುವುದು ಜನಾಂಗವಾದವಲ್ಲವೇ? ಬಾಸ್ಕ್ ರಾಷ್ಟ್ರೀಯತೆಯ ಮೂಲಪುರುಷ ಸಬಿನೊ ಅರಾನಾ 1895ರಲ್ಲಿ ಕಟ್ಟಿದ ಪಕ್ಷದ ಆರಂಭದ ದಿನಗಳಲ್ಲಿ ಸದಸ್ಯತ್ವಕ್ಕೆ ಬಾಸ್ಕ್ ಕುಲನಾಮವೇ ಅರ್ಹತೆಯಾಗಿತ್ತು. ಗಣಿ ಮತ್ತು ಉಕ್ಕಿನ ಕಾರ್ಖಾನೆಗಳಿಗೆ ಕೂಲಿ ಅರಸಿ ಬಂದ ಕ್ಯಾಸ್ಟೀಲ್, ಗಲೀಸಿಯಾ, ಎಕ್ಸ್ತ್ರೆಮದೂರಾದ ಬಡವರನ್ನು ‘ಮಕೇತೊ’ ಎಂದು ಹೀಯಾಳಿಸುವ ಪರಿಪಾಠವಿತ್ತು. ಅಥ್ಲೆಟಿಕ್‌ನ ನಿಯಮ ಆ ದಾರಿ ಹಿಡಿಯಲಿಲ್ಲ. ಅದು ಕುಲನಾಮ ಕೇಳಲಿಲ್ಲ, ಬಾಸ್ಕ್ ಭಾಷೆ ಬರುತ್ತದೆಯೇ ಎಂದು ಪರೀಕ್ಷಿಸಲಿಲ್ಲ. ಬಿಲ್ಬಾವೊದ ನದಿಯ ಎಡದಂಡೆಯ ಕಾರ್ಖಾನೆ ಪಟ್ಟಣಗಳಲ್ಲಿ ಹುಟ್ಟಿದ ವಲಸಿಗರ ಮಕ್ಕಳು ಕೆಂಪು-ಬಿಳಿ ಪಟ್ಟೆಯ ಅಂಗಿ ತೊಟ್ಟ ದಿನ ಬಿಲ್ಬಾವೊದವರಾಗಿಬಿಟ್ಟರು. ಪಕ್ಷಕ್ಕಿಂತ ಮೊದಲೇ ಕ್ಲಬ್ ಅವರಿಗೆ ಪೌರತ್ವ ಕೊಟ್ಟಿತು ಎನ್ನಬಹುದು.

ಆದರೂ ಜೋನ್ಸ್ ಪ್ರಸಂಗವನ್ನು ಅಳಿಸಿಹಾಕಲಾಗದು. ತಮ್ಮನ್ನು ಕೈಬಿಟ್ಟದ್ದು ಬಣ್ಣದ ಕಾರಣಕ್ಕಲ್ಲ ಎಂದು ಜೋನ್ಸ್ ಅವರೇ ಹೇಳಿದ್ದುಂಟು. ಅವರ ಮಾತನ್ನು ನಾನು ಗೌರವಿಸುತ್ತೇನೆ. ಅದಕ್ಕೆ ಸಮರ್ಥನೆಯಂತೆ ಹೊಸೆ ಎವುಲೊಜಿಯೊ ಗಾರಾತೆ ಅವರ ಕಥೆಯೂ ಇದೆ: ಬಾಸ್ಕ್ ಮನೆತನದ, ಏಬಾರ್ ಪಟ್ಟಣದಲ್ಲಿ ಬೆಳೆದ ಬಿಳಿಯ ಹುಡುಗ. ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಅವರೂ ಅಟ್ಲೆಟಿಕೊ ಮ್ಯಾಡ್ರಿಡ್‌ಗೇ ಹೋಗಿ ಮೂರು ಬಾರಿ ಲೀಗಿನ ಅತಿ ಹೆಚ್ಚು ಗೋಲುಗಳ ಪ್ರಶಸ್ತಿ ಪಡೆದರು. ಹಾಗಿದ್ದರೂ ಅಥ್ಲೆಟಿಕ್‌ನ ಮೊದಲ ತಂಡದಲ್ಲಿ ಕಪ್ಪು ವರ್ಣದ ಆಟಗಾರ ಕಾಣಿಸಿಕೊಳ್ಳಲು 2011ರವರೆಗೆ ಕಾಯಬೇಕಾಯಿತು. ಅಂಗೋಲಾ ಮೂಲದ ತಂದೆ, ಬಾಸ್ಕ್ ತಾಯಿಯ ಮಗ ಜೊನಾಸ್ ರಮಾಲ್ಯೊ ಆ ವರ್ಷ ಆಡಿದರು. ಆಫ್ರಿಕಾದಿಂದ ಬಾಸ್ಕ್ ನಾಡಿಗೆ ವಲಸೆ ಹೆಚ್ಚಿದ್ದೇ ತಡವಾಗಿ ಎಂಬ ವಿವರಣೆ ನಿಜ, ಆದರೆ ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ.

ಮಾತು ಈಗ ವಿಲಿಯಮ್ಸ್ ಸಹೋದರರತ್ತ ಹೊರಳಲೇಬೇಕು. ಅವರ ತಂದೆತಾಯಿ ಘಾನಾದಿಂದ ಹೊರಟು ಸಹರಾ ಮರುಭೂಮಿಯ ಒಂದು ಭಾಗವನ್ನು ಕಾಲ್ನಡಿಗೆಯಲ್ಲಿ ದಾಟಿ, ಉತ್ತರ ಆಫ್ರಿಕಾದಲ್ಲಿರುವ ಸ್ಪೇನಿನ ನಗರ ಮೆಲಿಯಾದ ಗಡಿಬೇಲಿ ಹತ್ತಿ ಸ್ಪೇನ್ ಸೇರಿದವರು. ಅಣ್ಣ ಇನ್ಯಾಕಿ 1994ರಲ್ಲಿ ಬಿಲ್ಬಾವೊದಲ್ಲಿ ಹುಟ್ಟಿದರು. ಕುಟುಂಬಕ್ಕೆ ನೆರವಾದ ಪಾದ್ರಿಯ ಹೆಸರನ್ನೇ ಅವರಿಗಿಟ್ಟರು, ಅದು ಅಚ್ಚ ಬಾಸ್ಕ್ ಹೆಸರು. ತಮ್ಮ ನಿಕೊ 2002ರಲ್ಲಿ ಪಂಪ್ಲೋನಾದಲ್ಲಿ ಹುಟ್ಟಿದರು. 2015ರಲ್ಲಿ ಟೊರಿನೊ ವಿರುದ್ಧ ಗೋಲು ಹೊಡೆದ ಇನ್ಯಾಕಿ, ಅಥ್ಲೆಟಿಕ್ ಪರ ಗೋಲು ಗಳಿಸಿದ ಮೊದಲ ಕಪ್ಪು ಆಟಗಾರರಾದರು. 2016ರಿಂದ 2023ರವರೆಗೆ ಒಂದೂ ತಪ್ಪದೆ ಸತತ 251 ಲೀಗ್ ಪಂದ್ಯಗಳಲ್ಲಿ ಆಡಿದರು. ಈಗ ನಾಯಕರೂ ಅವರೇ. ಸ್ಪೇನಿನ ಬೇರೆ ಅಂಗಣಗಳಲ್ಲಿ ಅವರು ಜನಾಂಗೀಯ ನಿಂದನೆ ಕೇಳಿದ್ದಾರೆ. ಬಿಲ್ಬಾವೊದ ಮಕ್ಕಳು ಅವರ ಹೆಸರಿನ ಅಂಗಿ ತೊಟ್ಟು ಶಾಲೆಗೆ ಹೋಗುತ್ತಾರೆ.

ಈ ಅಣ್ಣತಮ್ಮಂದಿರನ್ನು ಮುಂದಿಟ್ಟುಕೊಂಡು ‘ನೋಡಿ, ನಮ್ಮ ನೀತಿಯಲ್ಲಿ ಜನಾಂಗವಾದವಿಲ್ಲ’ ಎನ್ನುವ ಅಭಿಮಾನಿಗಳಿದ್ದಾರೆ. ಆ ವಾದ ನನಗೆ ಸಾಲದು. ಒಬ್ಬ ಅಪ್ರತಿಮ ಆಟಗಾರನನ್ನು ಒಪ್ಪಿಕೊಳ್ಳುವುದು ಸುಲಭ. 2025ರ ಜನವರಿಯಲ್ಲಿ ಕೆಳದರ್ಜೆಯ ಬರಾಕಾಲ್ದೊ ಕ್ಲಬ್ಬಿನಿಂದ ಬಂದ ಮರೊವಾನ್ ಸನ್ನಾದಿ ಅವರ ನಿದರ್ಶನ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಆಲಾವಾದ ವಿತೋರಿಯಾದಲ್ಲಿ ಮೊರೊಕ್ಕೊ ಮೂಲದ ಕುಟುಂಬದಲ್ಲಿ ಹುಟ್ಟಿದ ಅವರು ತಾರೆಯಾಗಿ ಬಂದವರಲ್ಲ. ಅವರ ಬಗ್ಗೆ ಅಭಿಮಾನಿಗಳು ಚರ್ಚಿಸಿದ್ದು ಚೆಂಡನ್ನು ನಿಯಂತ್ರಿಸುವ ಕೌಶಲ ಸಾಕೇ, ಮುಂಪಡೆಯ ಮಧ್ಯದಲ್ಲಿ ಆಡಿಸಬಹುದೇ ಎಂಬುದನ್ನು. ಸಾಧಾರಣ ಆಟಗಾರನಿಗೂ ಬರೀ ಆಟಗಾರನಾಗಿ ಟೀಕೆಗೊಳಗಾಗುವ ಹಕ್ಕು ಸಿಕ್ಕಾಗಲೇ ಅವನು ನಿಜಕ್ಕೂ ಊರಿನವನು.

ಆಯ್ಕೆಯ ಜಗಳ ಬಿಲ್ಬಾವೊದಲ್ಲಿ ಬೇರೆಡೆಗಿಂತ ಬಿಸಿಯಾಗಿರುವುದಕ್ಕೂ ಈ ನೀತಿಯೇ ಕಾರಣ. ಹವಿಯೆರ್ ಕ್ಲೆಮೆಂತೆ 1983 ಮತ್ತು 1984ರಲ್ಲಿ ಸತತವಾಗಿ ಲೀಗ್ ಗೆದ್ದುಕೊಟ್ಟ ಕೋಚ್. ಎರಡನೇ ವರ್ಷ ಕಪ್ಪೂ ಬಂತು. ಅಂಥವರು 1986ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ಜಗಳದ ಕೇಂದ್ರದಲ್ಲಿದ್ದವರು ಮನು ಸರಾಬಿಯಾ, ಕಾಲ್ಚಳಕದ ಮುಂಪಡೆ ಆಟಗಾರ. ಕ್ಲೆಮೆಂತೆ ಅವರನ್ನು ಹೊರಗಿಟ್ಟರು, ಊರು ಎರಡು ಬಣವಾಯಿತು. ಒಂದು ಬಣಕ್ಕೆ ಶಿಸ್ತು, ಬೆವರು, ಗೆಲುವು ಮುಖ್ಯ, ಇನ್ನೊಂದಕ್ಕೆ ಸೊಗಸು. ಇಬ್ಬರೂ ಬಿಸ್ಕಾಯದ ಕೈಗಾರಿಕಾ ಪಟ್ಟಣಗಳ ಮಕ್ಕಳು ಎಂಬುದನ್ನು ಗಮನಿಸಬೇಕು. ಬೇರೆ ಕ್ಲಬ್ಬಿನಲ್ಲಿ ಬೇಡವಾದ ಆಟಗಾರನನ್ನು ಮಾರಿ ಇನ್ನೊಬ್ಬನನ್ನು ಕೊಳ್ಳುತ್ತಾರೆ, ಜಗಳ ಅಲ್ಲಿಗೆ ತೀರುತ್ತದೆ. ಇಲ್ಲಿ ಬದಲಿ ಆಟಗಾರ ಪೇಟೆಯಲ್ಲಿ ಸಿಗುವುದಿಲ್ಲ, ಹೊರಗಿಟ್ಟ ಹುಡುಗನ ಮನೆ ಪಕ್ಕದ ಬೀದಿಯಲ್ಲೇ ಇರುತ್ತದೆ.

ಬಿಟ್ಟು ಹೋಗುವವರ ಮೇಲಿನ ಸಿಟ್ಟಿಗೂ ಕಾರಣ ಇದೇ. 2012ರಲ್ಲಿ ಒಪ್ಪಂದ ಮುಂದುವರಿಸಲು ಒಪ್ಪದ ಮುಂಪಡೆ ಆಟಗಾರ ಫರ್ನಾಂಡೊ ಯೊರೆಂತೆ ತಮ್ಮದೇ ಅಂಗಣದಲ್ಲಿ ಶಿಳ್ಳೆಯ ಅವಮಾನ ಅನುಭವಿಸಿದರು. 2025ರ ಬೇಸಿಗೆಯಲ್ಲಿ ನಿಕೊ ಬಾರ್ಸಿಲೋನಾಕ್ಕೆ ಹೋಗುತ್ತಾರೆಂಬ ಸುದ್ದಿ ದಟ್ಟವಾದಾಗ ಬಿಲ್ಬಾವೊದ ಗೋಡೆಯ ಮೇಲಿದ್ದ ಅವರ ಚಿತ್ರವನ್ನು ಯಾರೋ ಕೆಡಿಸಿದರು. ಜುಲೈನಲ್ಲಿ ನಿಕೊ 2035ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಊರೆಲ್ಲ ಸಂಭ್ರಮ. ಇಪ್ಪತ್ತೆರಡರ ಯುವಕನೊಬ್ಬ ತನ್ನ ವೃತ್ತಿಯ ಬಗ್ಗೆ ಯೋಚಿಸಿದ್ದಕ್ಕೆ ದ್ರೋಹಿ, ಉಳಿದದ್ದಕ್ಕೆ ವೀರ ಎನ್ನುವುದು ಅನ್ಯಾಯ. ಅಸ್ಮಿತೆಯ ಭಾರವನ್ನು ಆಟಗಾರನ ಬೆನ್ನಿಗೆ ಹೇರಿ, ಅದರ ಹೆಮ್ಮೆಯನ್ನು ಮಾತ್ರ ಗ್ಯಾಲರಿಯಲ್ಲಿ ಕುಳಿತವರು ಅನುಭವಿಸುವುದು ಈ ನೀತಿಯ ಕಹಿ ಮುಖ.

ದುಡ್ಡಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. ಅಥ್ಲೆಟಿಕ್ ಯಾರನ್ನು ಕೊಳ್ಳಬಲ್ಲದು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಮಾರುವವರು ಬೆಲೆ ಏರಿಸುತ್ತಾರೆ. 2018ರ ಜನವರಿಯಲ್ಲಿ ರಕ್ಷಣಾ ಆಟಗಾರ ಲಪೋರ್ತ್ ಅವರನ್ನು ಮ್ಯಾಂಚೆಸ್ಟರ್ ಸಿಟಿ 6.5 ಕೋಟಿ ಯೂರೊ ಕೊಟ್ಟು ಒಯ್ದಾಗ, ಆ ಜಾಗಕ್ಕೆ ಇನ್ಯಿಗೊ ಮಾರ್ತಿನೆಸ್ ಅವರನ್ನು ತರಲು ರಿಯಲ್ ಸೊಸಿಯೆದಾದ್‌ಗೆ 3.2 ಕೋಟಿ ಯೂರೊ ತೆರಬೇಕಾಯಿತು. ಅದೇ ವರ್ಷ ಗೋಲ್‌ಕೀಪರ್ ಕೆಪಾ ಚೆಲ್ಸಿಗೆ ಹೋಗಿ 8 ಕೋಟಿ ಯೂರೊ ತಂದುಕೊಟ್ಟರು. ಹಣ ಬಂತು, ಖರ್ಚು ಮಾಡಲು ಆಟಗಾರರಿಲ್ಲ. ಹಾಗಾಗಿ ಅದು 1971ರಿಂದ ನಡೆಯುತ್ತಿರುವ ಲೆಸಾಮಾ ತರಬೇತಿ ಕೇಂದ್ರಕ್ಕೆ, ಇರುವ ಆಟಗಾರರ ಸಂಬಳಕ್ಕೆ ಹರಿಯುತ್ತದೆ. ನೆರೆಯ ರಿಯಲ್ ಸೊಸಿಯೆದಾದ್ ಇಂಥದ್ದೇ ನೀತಿಯನ್ನು 1989ರಲ್ಲಿ ಕೈಬಿಟ್ಟು ಲಿವರ್‌ಪೂಲ್‌ನಿಂದ ಜಾನ್ ಆಲ್ಡ್ರಿಜ್ ಅವರನ್ನು ಕರೆತಂದಿತು. ಕಾರಣಗಳಲ್ಲಿ ಒಂದು, ಒಳ್ಳೆಯ ಬಾಸ್ಕ್ ಆಟಗಾರರನ್ನು ಶ್ರೀಮಂತ ಅಥ್ಲೆಟಿಕ್ ಸೆಳೆದುಕೊಳ್ಳುತ್ತಿದ್ದುದು. ಬಿಲ್ಬಾವೊದ ಅಭಿಮಾನಿಗೆ ಈ ನೀತಿ ದೊಡ್ಡವರ ಎದುರು ಸಣ್ಣವರ ಹೋರಾಟವಾಗಿ ಕಂಡರೆ, ಸಾನ್ ಸೆಬಾಸ್ಟಿಯನ್ ಅಥವಾ ಪಂಪ್ಲೋನಾದ ಅಭಿಮಾನಿಗೆ ಸಣ್ಣವರನ್ನು ನುಂಗುವ ದೊಡ್ಡ ಮೀನಾಗಿ ಕಾಣುತ್ತದೆ. ಎರಡೂ ನಿಜ.

ನವಾರ್ರಾದ ಪಂಪ್ಲೋನಾದಲ್ಲಿರುವ ಒಸಾಸುನಾ ಕ್ಲಬ್ಬಿನ ಅಭಿಮಾನಿಗಳ ಸಿಟ್ಟಿನಲ್ಲಿ ಇನ್ನೊಂದು ಪದರವಿದೆ. ನವಾರ್ರಾ 1982ರಿಂದ ಪ್ರತ್ಯೇಕ ಸ್ವಾಯತ್ತ ಪ್ರಾಂತ್ಯ. ಅಲ್ಲಿಯ ಬಹಳ ಜನ ತಮ್ಮನ್ನು ಬಾಸ್ಕರೆಂದು ಕರೆದುಕೊಳ್ಳುವುದಿಲ್ಲ. ಅವರ ಹುಡುಗರನ್ನು ‘ನಮ್ಮ ನಾಡಿನವರು’ ಎಂದು ಬಿಲ್ಬಾವೊ ಹೇಳಿದಾಗ, ಆಟಗಾರರ ಜೊತೆಗೆ ಅವರ ನಾಡನ್ನೂ ಕೇಳದೆ ಎತ್ತಿಕೊಂಡಂತಾಗುತ್ತದೆ. ಫುಟ್‌ಬಾಲ್ ನಕಾಶೆ ಇಲ್ಲಿ ರಾಜಕೀಯ ನಕಾಶೆಯ ಕೆಲಸ ಮಾಡುತ್ತಿದೆ.

ರಾಷ್ಟ್ರೀಯ ತಂಡದ ವಿಷಯಕ್ಕೆ ಬಂದರೆ ಗೆರೆಗಳು ಇನ್ನಷ್ಟು ಕಲಸಿಹೋಗುತ್ತವೆ. ಸ್ಪೇನಿನ ಪುರುಷರ ತಂಡ 1967ರ ನಂತರ ಬಿಲ್ಬಾವೊದಲ್ಲಿ ಪಂದ್ಯ ಆಡಿಲ್ಲ. ಕೋವಿಡ್‌ನಿಂದ 2021ಕ್ಕೆ ಮುಂದೂಡಲ್ಪಟ್ಟ ಯುರೊ ಪಂದ್ಯಾವಳಿಯ ಕೆಲವು ಪಂದ್ಯಗಳು ಇಲ್ಲಿ ನಿಗದಿಯಾಗಿದ್ದವು. ಪ್ರೇಕ್ಷಕರ ಪ್ರವೇಶಕ್ಕೆ ಬಾಸ್ಕ್ ಆಡಳಿತ ಹಾಕಿದ ಆರೋಗ್ಯ ಷರತ್ತುಗಳ ಕಾರಣ ಅವೂ ಸೆವಿಯಾ ನಗರಕ್ಕೆ ಹೋದವು. ಆದರೆ 2024ರ ಯುರೊ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸ್ಪೇನ್ ಹೊಡೆದ ಎರಡು ಗೋಲುಗಳಲ್ಲಿ ಮೊದಲನೆಯದು ಅಥ್ಲೆಟಿಕ್‌ನ ನಿಕೊ ಅವರದು, ಗೆಲುವಿನದು ರಿಯಲ್ ಸೊಸಿಯೆದಾದ್‌ನ ಒಯರ್ಸಬಾಲ್ ಅವರದು. ಗೋಲು ಕಾದವರು ಅಥ್ಲೆಟಿಕ್‌ನ ಉನಾಯ್ ಸಿಮೊನ್. ಇತ್ತ ಅಣ್ಣ ಇನ್ಯಾಕಿ 2022ರ ವಿಶ್ವಕಪ್‌ನಲ್ಲಿ ಘಾನಾ ಪರ ಆಡಿದ್ದರು. ಅಥ್ಲೆಟಿಕ್‌ನ ತವರಾದ ಸಾನ್ ಮಾಮೆಸ್ ಅಂಗಣದಲ್ಲಿ 2025ರ ನವೆಂಬರ್‌ನಲ್ಲಿ, ಫಿಫಾ ಮಾನ್ಯತೆಯಿಲ್ಲದ ಬಾಸ್ಕ್ ತಂಡ ಪ್ಯಾಲೆಸ್ಟೈನ್ ಜೊತೆ ಸ್ನೇಹಪಂದ್ಯ ಆಡಿತು. ಒಬ್ಬನೇ ಅಭಿಮಾನಿ ಈ ಎಲ್ಲ ಸಂದರ್ಭಗಳಲ್ಲೂ ಚಪ್ಪಾಳೆ ತಟ್ಟಬಹುದು, ಕೆಲವಕ್ಕೆ ಮಾತ್ರ ತಟ್ಟಬಹುದು. ನಿಷ್ಠೆ ಒಂದೇ ಎಳೆಯದಾಗಿರಬೇಕೆಂದು ಬಯಸುವ ರಾಜಕಾರಣಿಗಳಿಗೆ ಇದು ಇರುಸುಮುರುಸು. ಕ್ಲಬ್‌ಗೆ ಇದೇ ಆರೋಗ್ಯ.

ಮುಂದಿನ ನಿಜವಾದ ಜಗಳ ಬೇರೆ ಕಡೆ ಇದೆ. ‘ಪಳಗಿದವರು’ ಎಂಬ ಮಾತಿಗೆ ವಯಸ್ಸಿನ ಮಿತಿಯಿಲ್ಲ, ವರ್ಷಗಳ ಲೆಕ್ಕವಿಲ್ಲ. ಯೊರೆಂತೆ ಹುಟ್ಟಿದ್ದು ಪಂಪ್ಲೋನಾದಲ್ಲಾದರೂ ಬೆಳೆದದ್ದು ಬಾಸ್ಕ್ ನಾಡಿನ ಹೊರಗಿನ ಲಾ ರಿಯೋಹಾ ಪ್ರಾಂತ್ಯದಲ್ಲಿ. ಲೆಸಾಮಾಕ್ಕೆ ಬಂದದ್ದು ಹನ್ನೊಂದರ ವಯಸ್ಸಿನಲ್ಲಿ. ಲಪೋರ್ತ್ ಹುಟ್ಟಿದ್ದು ಫ್ರಾನ್ಸಿನ ಅಜಾನ್ ಪಟ್ಟಣದಲ್ಲಿ, ಏಳು ಪ್ರಾಂತ್ಯಗಳ ಆಚೆ. ಹದಿಹರೆಯದಲ್ಲಿ ಫ್ರಾನ್ಸಿನ ಬಾಸ್ಕ್ ಪಟ್ಟಣ ಬಯೊನ್ನ್‌ನಲ್ಲಿ ಒಂದು ಋತು ಆಡಿ ಲೆಸಾಮಾಕ್ಕೆ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಸೌದಿಯ ಅಲ್ ನಸ್ರ್‌ನಿಂದ ಅವರು ಮರಳಿ ಬಂದಾಗ ಅವರು ‘ನಮ್ಮವರೇ’ ಎಂಬ ಬಗ್ಗೆ ಸಂದೇಹಪಟ್ಟವರು ವಿರಳ. ರೊಮೇನಿಯಾದಲ್ಲಿ ಹುಟ್ಟಿ ಹದಿಹರೆಯದಲ್ಲಿ ಬಾಸ್ಕ್ ನಾಡಿಗೆ ಬಂದ ಕ್ರಿಸ್ಟಿಯನ್ ಗಾನ್ಯಾ ಅವರೂ 2018ರಲ್ಲಿ ಅರ್ಹರಾದರು. ಕುಟುಂಬದೊಂದಿಗೆ ಬದುಕು ಕಟ್ಟಿಕೊಳ್ಳಲು ಬಂದ ಗಾನ್ಯಾ ಅಥವಾ ಬೊಯಿರೊ ಒಂದು ಬಗೆ. ಫುಟ್‌ಬಾಲ್‌ಗಾಗಿಯೇ ಗಡಿ ದಾಟಿಸಿ ತಂದು ‘ಪಳಗಿಸಿದ’ ಮಗು ಇನ್ನೊಂದು ಬಗೆ. ಹದಿನೆಂಟು ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಗೆ ಫಿಫಾ ಹಾಕಿರುವ ನಿರ್ಬಂಧ ಸ್ವಲ್ಪ ತಡೆ ಒಡ್ಡುತ್ತದೆ. ಸ್ಪೇನಿನ ಒಳಗಿನ ಮಕ್ಕಳಿಗೆ ಆ ತಡೆಯೂ ಇಲ್ಲ.

2024ರ ಏಪ್ರಿಲ್‌ನಲ್ಲಿ ಸೆವಿಯಾದಲ್ಲಿ ಮಯೋರ್ಕಾ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ 40 ವರ್ಷಗಳ ನಂತರ ಅಥ್ಲೆಟಿಕ್ ರಾಜಕಪ್ ಗೆದ್ದಿತು. ‘ಗಬಾರ್ರಾ’ ಎಂಬ ದೋಣಿಯಲ್ಲಿ ತಂಡ ಬಂದಾಗ ನದಿಯ ಎರಡೂ ದಡಗಳಲ್ಲಿ ಜನಸಾಗರ. ಮರುವರ್ಷ ಲೀಗಿನಲ್ಲಿ ನಾಲ್ಕನೇ ಸ್ಥಾನ, ಹನ್ನೊಂದು ವರ್ಷಗಳ ನಂತರ ಚಾಂಪಿಯನ್ಸ್ ಲೀಗ್. ಇಂಥ ಹೊತ್ತಿನಲ್ಲಿ ನೀತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. 2006-07ರಲ್ಲಿ ಕೊನೆಯ ಪಂದ್ಯದವರೆಗೂ ಕೆಳದರ್ಜೆಗೆ ಜಾರುವ ಭೀತಿಯಲ್ಲಿದ್ದು 17ನೇ ಸ್ಥಾನದಲ್ಲಿ ಉಳಿದುಕೊಂಡಾಗ ಪ್ರಶ್ನಿಸಿದ್ದರು, ಇನ್ನೊಮ್ಮೆ ಅಂಥ ವರ್ಷ ಬಂದಾಗ ಮತ್ತೆ ಪ್ರಶ್ನಿಸುತ್ತಾರೆ. ‘ಪಳಗಿದವರು’ ಎಂಬ ಬಾಗಿಲನ್ನು ಸದ್ದಿಲ್ಲದೆ ಅಗಲ ಮಾಡುವ ಆಮಿಷ ಹುಟ್ಟುವುದೂ ಆಗಲೇ.

ಈ ಕ್ಲಬ್‌ಗೆ ಮಾಲೀಕನಿಲ್ಲ. 1990ರ ಕ್ರೀಡಾ ಕಾನೂನಿನ ನಂತರವೂ ಸ್ಪೇನಿನಲ್ಲಿ ಸದಸ್ಯರ ಸ್ವತ್ತಾಗಿ ಉಳಿದ ನಾಲ್ಕು ಕ್ಲಬ್ಬುಗಳಲ್ಲಿ ಇದೂ ಒಂದು. ಅಧ್ಯಕ್ಷರನ್ನು ಆರಿಸುವವರು ಆ ಸದಸ್ಯರೇ. ನೀತಿಯನ್ನು ಕಾನೂನಿನ ಭಾಷೆಯಲ್ಲಿ ಬರೆದು ಬಿಗಿಮಾಡಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. 1950ರ ದಶಕದಲ್ಲೇ ಹಾಗೆ ಬರೆದಿದ್ದರೆ ಬೊಯಿರೊ ಇವತ್ತು ಆ ಅಂಗಿ ತೊಡುತ್ತಿರಲಿಲ್ಲ. ಆದರೆ ಒಂದು ವಿಷಯವನ್ನು ಮಾತ್ರ ಸದಸ್ಯರು ಸಭೆಯಲ್ಲಿ ನೇರವಾಗಿ ಎತ್ತಲೇಬೇಕು: ಬಾಸ್ಕ್ ನಾಡಿನಲ್ಲಿ ಮನೆಯಿಲ್ಲದ ಮಗುವನ್ನು ಆಟಕ್ಕಾಗಿಯೇ ಕರೆತರುವುದಕ್ಕೆ ಯಾವ ವಯಸ್ಸಿನಿಂದ, ಯಾವ ಷರತ್ತಿನ ಮೇಲೆ ಒಪ್ಪಿಗೆ? ಆ ಪ್ರಶ್ನೆಯನ್ನು ತಂಡ ಗಟ್ಟಿಯಾಗಿರುವಾಗಲೇ ಕೇಳುವುದು ಒಳಿತು. ಕೆಳದರ್ಜೆಯ ಭೀತಿಯಲ್ಲಿ ಕೇಳಿದರೆ ಉತ್ತರ ಏನಾಗಿರುತ್ತದೆಂದು ಹೇಳುವುದು ಕಷ್ಟವಲ್ಲ.